ಕಿವಿ ಹಿಂದೆ ಸ್ಕ್ರೂ ಹಾಕಿಸಿಕೊಳ್ಳಲೇ, ಬೇಡವೇ?

ಪ್ರಶ್ನೆ: ನನಗೆ 54 ವರ್ಷ. ಊರು ಕುಂದಾಪುರದ ಹತ್ತಿರ. ಮೂವತ್ತು ವರ್ಷದಿಂದ ಡೊಂಬಿವಲಿಯಲ್ಲಿ ಮನೆ, ದಾದರಿನಲ್ಲಿ ಸಣ್ಣ ಹೋಟೆಲು. ಚಿಕ್ಕಂದಿನಿಂದಲೂ ಎರಡೂ ಕಿವಿ ಸೋರುತ್ತಿತ್ತು. ಬಲಗಿವಿಗೆ ಎರಡು ಸಲ, ಎಡಗಿವಿಗೆ ಒಂದು ಸಲ ಆಪರೇಷನ್ ಆಗಿದೆ. ಈಗ ಕೇಳುವ ಮಿಷನ್ ಕಿವಿಗೆ ಹಾಕಿದರೆ ಹದಿನೈದು ದಿನಕ್ಕೆ ಮತ್ತೆ ಸೋರಲು ಶುರು. ಮಾರಿದ ಅಂಗಡಿಯವರು "ಅಭ್ಯಾಸ ಆಗುತ್ತದೆ" ಎಂದರು. ತೆಗೆದರೆ ಒಣಗುತ್ತದೆ, ಆದರೆ ಗಲ್ಲೆಯಲ್ಲಿ ಕೂತು ಗಿರಾಕಿ ಹೇಳಿದ್ದು ಕೇಳುವುದಿಲ್ಲ. ಡಾಕ್ಟರು "ಬಾಹಾ ಹಾಕಿಸಿ, ಕಿವಿ ಹಿಂದೆ ಮೂಳೆಗೆ ಸ್ಕ್ರೂ ಹಾಕುತ್ತಾರೆ" ಎಂದರು. ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಮಿದುಳಿಗೆ ತಾಗುವುದಿಲ್ಲವೇ? ಇಷ್ಟು ದುಡ್ಡು ಸುರಿದರೆ ಉಪಯೋಗ ಇದೆಯೇ? ಹೆಲ್ಮೆಟ್, ಲೋಕಲ್ ಟ್ರೈನು, ಮಳೆ ಇದಕ್ಕೆಲ್ಲ ಏನು ಮಾಡುವುದು? ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದ ಕಾಗದ, ಆಡಿಯೋಗ್ರಾಮ್, ಕಳಿಸಿದ್ದೇನೆ. ಇನ್ನೊಂದು ವಿಷಯ. ಪುಣೆಯಲ್ಲಿರುವ ತಂಗಿಯ ಮೊಮ್ಮಗಳಿಗೆ ಎಂಟು ತಿಂಗಳು. ಒಂದು ಕಿವಿ ಮುದುಡಿದ ಹಾಗಿದೆ, ತೂತೂ ಇಲ್ಲ. ಅವಳಿಗೂ ಇದನ್ನೇ ಹಾಕಬಹುದೇ?

ಉತ್ತರ: ಮೊದಲು ಒಂದು ಹಪ್ಪಳ ತಿನ್ನಿ. ಎರಡೂ ಕಿವಿಗೆ ಬೆರಳು ಒತ್ತಿ ಹಿಡಿದುಕೊಂಡು ತಿನ್ನಿ. ಕರಕರ ಸದ್ದು ತಲೆ ತುಂಬ ಕೇಳಿಸುತ್ತದೆ. ಆ ಸದ್ದು ಕಿವಿಯ ತೂತಿನಿಂದ ಬಂದಿದ್ದಲ್ಲ. ಹಲ್ಲು, ದವಡೆ, ತಲೆಬುರುಡೆ ನಡುಗಿ, ಆ ನಡುಕ ನೇರ ಒಳಗಿವಿಗೆ ಹೋಗಿದ್ದು. ನಮ್ಮ ದನಿ ರೆಕಾರ್ಡಿಂಗ್‌ನಲ್ಲಿ ಬೇರೆಯವರದರ ಹಾಗೆ ಕೇಳುವುದೂ ಇದೇ ಕಾರಣಕ್ಕೆ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಿಂದಲೂ ಬರುತ್ತದೆ, ಮೂಳೆಯಿಂದಲೂ ಬರುತ್ತದೆ. ರೆಕಾರ್ಡಿಂಗ್‌ನಲ್ಲಿ ಮೂಳೆಯ ಪಾಲು ಇರುವುದಿಲ್ಲ. ಬಾಹಾ ಮಾಡುವುದೂ ಇದನ್ನೇ. ಸ್ಕ್ರೂವಿಗೆ ಸಿಕ್ಕಿಸಿದ ಯಂತ್ರ ಹೊರಗಿನ ಸದ್ದನ್ನು ನಡುಕ ಮಾಡಿ, ಮೂಳೆಯ ದಾರಿಯಿಂದ ಒಳಗಿವಿಗೆ ಕಳಿಸುತ್ತದೆ.

ನಿಮ್ಮ ತೊಂದರೆ ಗಾಳಿಯ ದಾರಿಯಲ್ಲಿ. ಕಿವಿ ತಮಟೆ, ಅದರ ಹಿಂದಿನ ಮೂರು ಪುಟ್ಟ ಮೂಳೆ, ಇವೆಲ್ಲ ವರ್ಷಗಟ್ಟಲೆ ಕೀವಿನಲ್ಲಿ ನೆನೆದು, ಆಮೇಲೆ ಆಪರೇಷನ್ನಿನಲ್ಲಿ ಒಂದಷ್ಟು ಹೋಗಿ, ಈಗ ದಾರಿ ಕೆಟ್ಟಿದೆ. ಆದರೆ ದಾರಿಯ ಕೊನೆಯಲ್ಲಿರುವ ಮನೆ, ಅಂದರೆ ಒಳಗಿವಿ, ಗಟ್ಟಿಮುಟ್ಟಾಗಿದೆ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ನೀವು ಕಳಿಸಿದ ಆಡಿಯೋಗ್ರಾಮ್‌ನಲ್ಲೇ ಇದೆ.

ಆ ಕಾಗದವನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಎಲ್ಲರೂ ಅದರಲ್ಲಿ ಕೆಳಗಿನ ಗೆರೆ ನೋಡಿ ಗಾಬರಿಯಾಗುತ್ತಾರೆ. ಅದು ಗಾಳಿಯ ಗೆರೆ, ಹೆಡ್‌ಫೋನ್ ಹಾಕಿ ಅಳೆದದ್ದು. ನಿಮಗೆ ಬಲಕ್ಕೆ ಸರಾಸರಿ 72 ಡೆಸಿಬಲ್, ಎಡಕ್ಕೆ 58. ಅಂಕಿ ಹೆಚ್ಚಿದಷ್ಟೂ ಕೇಳುವುದು ಕಡಿಮೆ. ಅದರ ಮೇಲೆ ಇನ್ನೊಂದು ಗೆರೆ ಇದೆ ನೋಡಿ, ಚೌಕ ಕಂಸದಂಥ ಗುರುತುಗಳದ್ದು. ಅದು ಮೂಳೆಯ ಗೆರೆ. ಕಿವಿ ಹಿಂದೆ ಒಂದು ಪುಟ್ಟ ಡಬ್ಬಿ ಒತ್ತಿಟ್ಟು ಅಳೆದದ್ದು. ಅದು ಬಲಕ್ಕೆ 28, ಎಡಕ್ಕೆ 22. ನೀವು ಕೇಳಿದ ಪ್ರಶ್ನೆಗೆ ಮುಕ್ಕಾಲು ಉತ್ತರ ಈ ಎರಡನೇ ಗೆರೆಯಲ್ಲಿದೆ. ಕಿವಿ ಹಿಂದೆ ಸಾಧಾರಣ ಶಕ್ತಿಯ ಯಂತ್ರ ಸಾಕಾಗಬೇಕಾದರೆ ಮೂಳೆಯ ಸರಾಸರಿ ಸುಮಾರು 45 ಡೆಸಿಬಲ್ ಒಳಗೆ ಇರಬೇಕು ಎಂಬುದು ರೂಢಿ. ಇನ್ನೂ ಜೋರಿನ ಯಂತ್ರಗಳಿಗೆ 55, 65ರವರೆಗೂ ನಡೆಯುತ್ತದೆ. ನೀವು ಆರಾಮಾಗಿ ಒಳಗಿದ್ದೀರಿ. ಎರಡು ಗೆರೆಗಳ ನಡುವಿನ ಅಂತರ 30 ದಾಟಿದರೆ ಮಾಮೂಲಿ ಮಿಷನ್‌ಗಿಂತ ಮೂಳೆಯ ದಾರಿ ವಾಸಿ ಎಂಬುದೂ ನಮ್ಮ ಕೆಲಸದಲ್ಲಿ ಗೊತ್ತಿರುವ ಮಾತು. ನಿಮ್ಮ ಅಂತರ ಬಲಕ್ಕೆ 44, ಎಡಕ್ಕೆ 36.

ಮಾಮೂಲಿ ಮಿಷನ್ ಏಕೆ ಸೋತಿತು? ಅದು ಆ ಅಂತರವನ್ನು ಜೋರು ಮಾಡಿಯೇ ದಾಟಬೇಕು. ಅಷ್ಟು ಜೋರು ಮಾಡಿದರೆ ಕುಯ್ ಎಂದು ಕೂಗುತ್ತದೆ. ಕೂಗಬಾರದೆಂದು ಕಿವಿಯ ತೂತಿನೊಳಗಿನ ಅಚ್ಚನ್ನು ಬಿಗಿಯಾಗಿ ಕೂರಿಸುತ್ತಾರೆ. ಬಿಗಿ ಮಾಡಿದರೆ ಕಿವಿಗೆ ಗಾಳಿಯಿಲ್ಲ. ಮುಂಬಯಿಯ ಸೆಕೆಗೆ ಒಳಗೆ ಬೆವರು, ತೇವ. ನಿಮ್ಮಂಥ ಆಪರೇಷನ್ ಆದ ಕಿವಿಗೆ ಅಷ್ಟು ಸಾಕು. ನಿಮಗೆ ಮಿಷನ್ ಮಾರಿದ ಅಂಗಡಿಯವರು "ಅಭ್ಯಾಸ ಆಗುತ್ತದೆ" ಎಂದರಂತಲ್ಲ, ಸೋರುವುದು ಅಭ್ಯಾಸ ಆಗುವ ವಿಷಯವಲ್ಲ. ಮಿಷನ್ ಹಾಕಿದಾಗ ಸೋರುವುದು, ತೆಗೆದಾಗ ಒಣಗುವುದು ಎಂಬ ಈ ಗೋಳಾಟವೇ ಬಾಹಾಕ್ಕೆ ಅತಿ ಹಳೆಯ, ಅತಿ ಒಪ್ಪುವ ಕಾರಣ.

ಹೆಸರಿನ ಬಗ್ಗೆ ಒಂದು ಮಾತು. ಬಾಹಾ ಎನ್ನುವುದು ಒಂದು ಕಂಪನಿಯ ಬ್ರ್ಯಾಂಡು. ಆಸ್ಪತ್ರೆಗಳಲ್ಲಿ ಎಲ್ಲರೂ ಎಲ್ಲಕ್ಕೂ ಅದನ್ನೇ ಹೇಳುತ್ತಾರೆ, ನಕಲು ತೆಗೆಯುವುದಕ್ಕೆಲ್ಲ ಝೆರಾಕ್ಸ್ ಎಂದ ಹಾಗೆ. ಪಾಂಟೋ, ಬೋನ್‌ಬ್ರಿಜ್, ಓಸಿಯಾ ಎಂಬ ಬೇರೆಯವೂ ಇವೆ, ಎಲ್ಲವೂ ಒಂದೇ ಜಾತಿಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಸ್ಕ್ರೂ ಹೆದರಿಕೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ಸಂಶೋಧಕರು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಟೈಟೇನಿಯಮ್ಮಿನ ಸಣ್ಣ ಕೊಳವೆ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದಕ್ಕೆ ಅಂಟಿ ಬೆಳೆದಿತ್ತು. ಇಂದು ಗಲ್ಲಿಗೊಂದರಂತೆ ಇರುವ ದಂತ ಕ್ಲಿನಿಕ್ಕುಗಳಲ್ಲಿ ಹಾಕುವ ಇಂಪ್ಲಾಂಟ್ ಹಲ್ಲು ಇದರದ್ದೇ ಮರಿ. 1965ರಲ್ಲಿ ಮೊದಲ ಮನುಷ್ಯನ ಬಾಯಿಗೆ ಹೋಯಿತು. 1977ರಲ್ಲಿ ಗೋಥೆನ್‌ಬರ್ಗಿನ ಕಿವಿ ಡಾಕ್ಟರು ಆಂಡರ್ಸ್ ಶೆಲ್‌ಸ್ಟ್ರೋಮ್ ಅದೇ ಸ್ಕ್ರೂವನ್ನು ಕಿವಿ ಹಿಂದೆ ಹಾಕಿ, ಅದಕ್ಕೆ ಕೇಳುವ ಯಂತ್ರ ಸಿಕ್ಕಿಸಿದರು. ಅಂದರೆ ಸುಮಾರು ಐವತ್ತು ವರ್ಷದ ಹಳೆಯ ಕೆಲಸ ಇದು. ನಿಮ್ಮ ಹೆಂಡತಿಗೆ "ಹಲ್ಲಿನ ಇಂಪ್ಲಾಂಟ್ ತರಹ, ಜಾಗ ಬೇರೆ" ಎಂದು ಹೇಳಿ. ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಸ್ಕ್ರೂ ಎಂದಾಗ ನಮ್ಮ ತಲೆಯಲ್ಲಿ ಬರುವುದು ಬಡಗಿಯ ಪೆಟ್ಟಿಗೆ. ಇದರ ಉದ್ದ 3 ಅಥವಾ 4 ಮಿಲಿಮೀಟರ್, ಅಷ್ಟೇ. ಕಡಲೆಬೇಳೆಗಿಂತ ಚಿಕ್ಕದು. ಕಿವಿಯ ತೂತಿನಿಂದ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ, ಐದು ಸೆಂಟಿಮೀಟರ್ ಆಚೆಗೆ ಅದರ ಜಾಗ. ಮಿದುಳು ತಲೆಬುರುಡೆಯ ಒಳಗೆ, ಅದರ ಮೇಲೆ ದಪ್ಪ ಪೊರೆ, ಅದರ ಮೇಲೆ ಮೂಳೆ. ಸ್ಕ್ರೂ ಕೂರುವುದು ಆ ಮೂಳೆಯಲ್ಲಿ. ಕೊರೆಯುವಾಗ ಡಾಕ್ಟರು ಮೊದಲು 3 ಮಿಲಿಮೀಟರ್ ಕೊರೆದು, ತಳದಲ್ಲಿ ಮೂಳೆ ಇದೆಯೇ ಎಂದು ಮುಟ್ಟಿ ನೋಡಿ, ಇದ್ದರೆ ಮಾತ್ರ ಇನ್ನೊಂದು ಮಿಲಿಮೀಟರ್ ಹೋಗುತ್ತಾರೆ. ಕೆಲವರಲ್ಲಿ ಮೂಳೆ ತೆಳ್ಳಗಿದ್ದು ತಳದಲ್ಲಿ ಪೊರೆ ಕಾಣುವುದೂ ಉಂಟು. ಅದು ಅವರಿಗೆ ಗೊತ್ತಿರುವ ವಿಷಯ, ಅಲ್ಲಿಗೇ ನಿಲ್ಲಿಸುತ್ತಾರೆ. ಡ್ರಿಲ್ಲನ್ನು ನಿಧಾನಕ್ಕೆ ತಿರುಗಿಸಿ ಮೇಲೆ ನೀರು ಬಿಡುತ್ತಲೇ ಇರುತ್ತಾರೆ. ಮೂಳೆ 47 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿ ಒಂದು ನಿಮಿಷ ಹಾಗೇ ಉಳಿದರೆ ಅಲ್ಲಿನ ಜೀವಕೋಶ ಸತ್ತು ಸ್ಕ್ರೂ ಅಂಟುವುದಿಲ್ಲ. ಬಿಸಿ ತಾಗಬಾರದು ಎನ್ನುವ ಈ ಒಂದು ಜಾಗ್ರತೆಯೇ ಇಡೀ ಕೆಲಸದ ಗುಟ್ಟು ಅಂತ ನನಗೆ ಅನ್ನಿಸುವುದು.

ದೊಡ್ಡವರಿಗೆ ಇದನ್ನು ಜಾಗ ಮರಗಟ್ಟಿಸಿಯೇ ಮಾಡಬಹುದು, ಪೂರ್ತಿ ಮಂಪರು ಬೇಡ. ಒಂದು ಗಂಟೆಯೊಳಗೆ ಮುಗಿಯುತ್ತದೆ. ಸಾಮಾನ್ಯವಾಗಿ ಅವತ್ತೇ ಮನೆಗೆ. ಮೊದಲೆಲ್ಲ ಸುತ್ತಲಿನ ಚರ್ಮವನ್ನು ತೆಳ್ಳಗೆ ಕೆತ್ತಿ ಕೂದಲೇ ಬಾರದಂತೆ ಮಾಡುತ್ತಿದ್ದರು. ಅದು ನೋಡಲೂ ಚೆನ್ನಾಗಿರಲಿಲ್ಲ, ಮಾಯಲೂ ನಿಧಾನ. ಈಗ ಒಂದು ನೇರ ಗೆರೆ ಕೊಯ್ದು, ಚರ್ಮ ಹಾಗೇ ಉಳಿಸಿ, ಸ್ವಲ್ಪ ಉದ್ದದ ಕಂಬ ಹಾಕುತ್ತಾರೆ. ಕಂಬ ಎಂದರೆ ಸ್ಕ್ರೂ ಮೇಲೆ ಚರ್ಮದಿಂದ ಹೊರಗೆ ಚಾಚುವ ಟಿಚ್ ಬಟನ್ನಿನಂಥ ತುದಿ. ಯಂತ್ರ ಅದರ ಮೇಲೆ ಟಕ್ ಎಂದು ಕೂರುತ್ತದೆ. ಆದರೆ ಅವತ್ತೇ ಅಲ್ಲ. ಮೂಳೆ ಸ್ಕ್ರೂವಿಗೆ ಅಂಟಬೇಕು. ಹಿಂದೆ ಮೂರು ತಿಂಗಳು ಕಾಯಿಸುತ್ತಿದ್ದರು. ಈಗ ಹೊಸ ಸ್ಕ್ರೂಗಳಲ್ಲಿ ದೊಡ್ಡವರಿಗೆ ಕೆಲವು ವಾರಕ್ಕೇ ಯಂತ್ರ ಕೂರಿಸುವವರಿದ್ದಾರೆ. ನಿಮಗೆ ಸಕ್ಕರೆ ಕಾಯಿಲೆ ಇದೆಯೇ, ಬೀಡಿ ಸಿಗರೇಟು ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಎರಡೂ ಮೂಳೆ ಅಂಟುವುದನ್ನೂ ಚರ್ಮ ಮಾಯುವುದನ್ನೂ ಕೆಡಿಸುತ್ತವೆ. ಅಂಥವರಿಗೆ ಆತುರ ಬೇಡ.

ನಾನು ಹೇಳುವುದಾದರೆ, ನೀವು ಹೆದರಬೇಕಾದ್ದು ಮಿದುಳಿನ ಬಗ್ಗೆ ಅಲ್ಲ, ಚರ್ಮದ ಬಗ್ಗೆ. ಈ ಕಂಬದಲ್ಲಿ ಜಾಸ್ತಿ ಕಾಣುವ ತೊಂದರೆ ಎಂದರೆ ಸುತ್ತಲಿನ ಚರ್ಮ ಕೆಂಪಾಗುವುದು, ಜಿನುಗುವುದು, ಕೆಲವೊಮ್ಮೆ ಉಬ್ಬಿ ಕಂಬವನ್ನೇ ಮುಚ್ಚಲು ನೋಡುವುದು. ಕಡಿಮೆಯದಕ್ಕೆ ಮುಲಾಮು ಸಾಕು, ಜಾಸ್ತಿಯಾದರೆ ಕಂಬ ಬದಲಿಸಬೇಕಾದೀತು, ತೀರ ಅಪರೂಪಕ್ಕೆ ತೆಗೆಯಬೇಕಾದೀತು. ಸ್ಕ್ರೂ ಅಂಟದೆ ಕಳಚಿ ಬರುವುದೂ ನೂರರಲ್ಲಿ ಕೆಲವರಿಗೆ ಆಗುತ್ತದೆ. ಇದನ್ನು ಬ್ರೋಶರ್ ಸಣ್ಣ ಅಕ್ಷರದಲ್ಲಿ ಹೇಳುತ್ತದೆ, ನಾನು ದೊಡ್ಡ ಅಕ್ಷರದಲ್ಲಿ ಹೇಳುತ್ತಿದ್ದೇನೆ. ಯಂತ್ರ ಇರುವಷ್ಟು ಕಾಲ ಮೆತ್ತನೆ ಬ್ರಷ್‌ನಿಂದ ಆ ಕಂಬದ ಸುತ್ತ ತೊಳೆಯುವ ಕೆಲಸ ಇದ್ದೇ ಇದೆ, ಹಲ್ಲುಜ್ಜಿದ ಹಾಗೆ. ನಮ್ಮವರಲ್ಲಿ ನಾನು ನೋಡಿದ ದೊಡ್ಡ ಶತ್ರು ತೆಂಗಿನೆಣ್ಣೆ. ತಲೆಗೆ ದಿನಾ ಹಚ್ಚುವ ಎಣ್ಣೆ ಕಂಬದ ಬುಡಕ್ಕೆ ಇಳಿದು, ಧೂಳು ಸೇರಿ ಕಪ್ಪು ಅಂಟಾಗಿ ಕೂರುತ್ತದೆ. ಎಣ್ಣೆ ಬಿಡಿ ಎಂದು ಊರ ಕಡೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ಆ ಬದಿಗೆ ಕಡಿಮೆ ಹಚ್ಚಿ, ಹಚ್ಚಿದ ದಿನ ತೊಳೆಯಿರಿ. ದೀಪಾವಳಿಯ ಎಣ್ಣೆ ಸ್ನಾನಕ್ಕೂ ಇದೇ ಮಾತು. ತಿರುಪತಿಗೆ ಮುಡಿ ಕೊಡುವ ಹರಕೆ ಇದ್ದರೆ ಕೂರುವ ಮೊದಲು ಕಂಬ ತೋರಿಸಿ ಹೇಳಿ, ಇಲ್ಲದಿದ್ದರೆ ಕತ್ತಿ ತಾಗೀತು.

ಕಂಬವೇ ಬೇಡ, ಚರ್ಮದ ಕೆಳಗೇ ಎಲ್ಲ ಇರಲಿ ಎನ್ನುವವರಿಗೆ ಬೇರೆ ಜಾತಿಯವು ಬಂದಿವೆ. ಒಳಗೊಂದು ಅಯಸ್ಕಾಂತ, ಹೊರಗೊಂದು ಅಯಸ್ಕಾಂತ, ಮಧ್ಯೆ ಚರ್ಮ. ಬೋನ್‌ಬ್ರಿಜ್, ಓಸಿಯಾಗಳಲ್ಲಿ ನಡುಗುವ ಭಾಗವನ್ನೇ ಒಳಗೆ ಮೂಳೆಗೆ ಕೂರಿಸಿರುತ್ತಾರೆ, ಹೊರಗಿನದು ಬರೀ ಸದ್ದು ಹಿಡಿದು ಕಳಿಸುತ್ತದೆ. ಹೊರಗೆ ಕಂಬ ಕಾಣುವುದಿಲ್ಲ, ಬ್ರಷ್ಷೂ ಬೇಡ. ಕೇಳಲು ಇದೇ ಚೆಂದ, ಅಲ್ವಾ? ಆದರೆ ನಿಮ್ಮ ವಿಷಯದಲ್ಲಿ ನಾನು ತಡೆಯುತ್ತೇನೆ, ಕಾರಣ ಇದೆ. ನಿಮ್ಮ ಬಲಗಿವಿಗೆ ಎರಡು ಸಲ ಆಪರೇಷನ್ ಆಗಿದ್ದು ಏಕೆ ಎಂದು ಹಳೆಯ ಕಾಗದ ನೋಡಿ. ಅದರಲ್ಲಿ ಕೊಲೆಸ್ಟಿಯಾಟೋಮಾ ಎಂಬ ಪದ ಇದ್ದರೆ, ಅದು ಕಿವಿಯೊಳಗೆ ಚರ್ಮ ಗಂಟಾಗಿ ಬೆಳೆದು ಮೂಳೆ ತಿನ್ನುವ ರೋಗ. ತೆಗೆದ ಮೇಲೂ ವರ್ಷಗಳ ನಂತರ ಮರಳಬಹುದು. ಮರಳಿದೆಯೇ ಎಂದು ನೋಡಲು ಎಮ್ಆರ್‌ಐ ಬೇಕಾಗುತ್ತದೆ. ಒಳಗೆ ಅಯಸ್ಕಾಂತ ಇದ್ದರೆ ಚಿತ್ರದಲ್ಲಿ ಅದರ ಸುತ್ತ ದೊಡ್ಡ ಕಪ್ಪು ನೆರಳು ಬೀಳುತ್ತದೆ, ಅದೂ ನೋಡಬೇಕಾದ ಕಿವಿಯ ಹತ್ತಿರವೇ. ಎಷ್ಟು ಶಕ್ತಿಯ ಎಮ್ಆರ್‌ಐ ಮಾಡಬಹುದು ಎಂಬುದಕ್ಕೂ ಮಾದರಿಗೊಂದು ಕಟ್ಟುಪಾಡು. ಬರೀ ಟೈಟೇನಿಯಮ್ ಸ್ಕ್ರೂ ಮತ್ತು ಕಂಬಕ್ಕೆ ಆ ಗೋಳಿಲ್ಲ. ಹೊರಗಿನ ಯಂತ್ರ ತೆಗೆದಿಟ್ಟು ಒಳಗೆ ಹೋದರಾಯಿತು. ನಿಮ್ಮಂಥ ಕಿವಿಗೆ ಹಳೆಯ ಕಂಬವೇ ವಾಸಿ ಎಂದು ನನ್ನ ಅಭಿಪ್ರಾಯ. ಆಪರೇಷನ್ ಮಾಡುವ ಡಾಕ್ಟರು ಬೇರೆ ಹೇಳಿದರೆ, ಈ ಎಮ್ಆರ್‌ಐ ಪ್ರಶ್ನೆ ಕೇಳಿ ಅವರ ಉತ್ತರ ಒಪ್ಪಿಗೆಯಾಗುತ್ತದೆಯೇ ನೋಡಿ.

ಇನ್ನೊಂದು ಎಚ್ಚರಿಕೆ. ಬಾಹಾ ಕೇಳಿಸುತ್ತದೆ, ಕಿವಿ ವಾಸಿ ಮಾಡುವುದಿಲ್ಲ. ಸೋರುವುದು ದುರ್ವಾಸನೆ ಬರುತ್ತಿದ್ದರೆ, ರಕ್ತ ಕಂಡರೆ, ತಲೆ ತಿರುಗಿದರೆ, ಮುಖದ ಒಂದು ಬದಿ ಜೋತರೆ, ಯಂತ್ರದ ಮಾತು ಬದಿಗಿಟ್ಟು ಮೊದಲು ಕಿವಿ ತೋರಿಸಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದನ್ನು ಇನ್ನೂ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ.

ದುಡ್ಡಿನ ವಿಷಯಕ್ಕೆ ಬರುವ ಮೊದಲು ಒಂದು ಕೆಲಸ ಇದೆ. ಇದನ್ನು ಮಾಡದೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ಸ್ಕ್ರೂ ಹಾಕದೆಯೇ ಈ ಯಂತ್ರವನ್ನು ಪರೀಕ್ಷಿಸಬಹುದು. ಮೆತ್ತನೆ ಎಲಾಸ್ಟಿಕ್ ಪಟ್ಟಿಗೆ, ಸಾಫ್ಟ್‌ಬ್ಯಾಂಡ್ ಎನ್ನುತ್ತೇವೆ, ಅದೇ ಯಂತ್ರ ಸಿಕ್ಕಿಸಿ ತಲೆಗೆ ಕಟ್ಟುತ್ತಾರೆ. ಕ್ಲಿನಿಕ್ಕಿನಲ್ಲಿ ಹಾಕಿ "ಕೇಳುತ್ತಾ? ಕೇಳುತ್ತೆ" ಎಂದು ಐದು ನಿಮಿಷಕ್ಕೆ ಮುಗಿಸಬೇಡಿ. ಸದ್ದಿಲ್ಲದ ಕೋಣೆಯಲ್ಲಿ ಯಾವ ಯಂತ್ರವೂ ಚೆನ್ನಾಗಿಯೇ ಕೇಳಿಸುತ್ತದೆ. ಒಂದು ವಾರ, ಸಾಧ್ಯವಾದರೆ ಎರಡು ವಾರ, ಮನೆಗೆ ಕೊಡಿ ಎಂದು ಹಟ ಹಿಡಿಯಿರಿ. ಠೇವಣಿ ಕೇಳಬಹುದು, ಕೊಡಿ. ಹಾಕಿಕೊಂಡು ಗಲ್ಲೆಯಲ್ಲಿ ಕೂರಿ. ಮಧ್ಯಾಹ್ನ ಒಂದೂವರೆಗೆ, ಆಫೀಸಿನವರೆಲ್ಲ ಒಟ್ಟಿಗೆ ನುಗ್ಗಿ, ಒಳಗೆ ಗ್ರೈಂಡರ್ ತಿರುಗುತ್ತಾ, ಹುಡುಗರು ತಟ್ಟೆ ಎಸೆಯುತ್ತಾ ಇರುವ ಹೊತ್ತಿಗೆ "ಎರಡು ಇಡ್ಲಿ ವಡೆ ಪಾರ್ಸಲ್, ಚಟ್ನಿ ಬೇರೆ" ಎನ್ನುವುದು ಕೇಳುತ್ತದೆಯೇ ನೋಡಿ. ಫೋನಿನಲ್ಲಿ ಊರಿಗೆ ಮಾತಾಡಿ. ಹೆಂಡತಿ ಅಡುಗೆಮನೆಯಿಂದ ಕರೆಯಲಿ. ದಿನಾ ಮೂರು ಸಾಲು ಬರೆದಿಡಿ. ಪಟ್ಟಿ ಕಟ್ಟಿಕೊಂಡು ಕನ್ನಡಿ ಮಾತ್ರ ನೋಡಬೇಡಿ, ಚೆನ್ನಾಗಿ ಕಾಣುವುದಿಲ್ಲ.

ಪಟ್ಟಿಯಲ್ಲಿ ಕೇಳಿದ್ದು ಪೂರ್ತಿ ಅಲ್ಲ ಎಂಬುದನ್ನೂ ನೆನಪಿಡಿ. ಮಧ್ಯೆ ಚರ್ಮ, ಕೂದಲು ಇದ್ದು ನಡುಕವನ್ನು ತಿನ್ನುತ್ತವೆ. ಮುಖ್ಯವಾಗಿ ತೀಕ್ಷ್ಣವಾದ ಸದ್ದುಗಳಲ್ಲಿ, ಸ, ಶ, ಚ ಇಂಥವುಗಳಲ್ಲಿ, ಹತ್ತು ಹದಿನೈದು ಡೆಸಿಬಲ್ ಕಳೆದುಹೋಗುತ್ತದೆ. ಕಂಬ ಹಾಕಿದ ಮೇಲೆ ಅದೂ ಬರುತ್ತದೆ. ಹಾಗಾಗಿ ಪಟ್ಟಿಯಲ್ಲಿ ನಿಮಗೆ ಖುಷಿಯಾದರೆ ಕಂಬದಲ್ಲಿ ಇನ್ನೂ ಖುಷಿಯಾಗುತ್ತದೆ. ಪಟ್ಟಿಯಲ್ಲಿ ಎರಡು ವಾರಕ್ಕೂ "ಅಷ್ಟೇನಿಲ್ಲ" ಎನ್ನಿಸಿದರೆ ನಿಲ್ಲಿಸಿ, ಏಕೆ ಹಾಗೆ ಎಂದು ಕೂತು ಮಾತಾಡಿ. ನನ್ನ ಬಳಿ ಪರೀಕ್ಷೆ ಮಾಡಿ ಬೇಡ ಎಂದವರಿದ್ದಾರೆ, ಅವರ ದುಡ್ಡು ಉಳಿಯಿತು. ಪರೀಕ್ಷೆ ಮಾಡದೆ ಹಾಕಿಸಿಕೊಂಡು ಯಂತ್ರವನ್ನು ಗೋದ್ರೆಜ್ ಕಪಾಟಿನಲ್ಲಿ ಇಟ್ಟವರೂ ಇದ್ದಾರೆ.

ಖರ್ಚು ಲಕ್ಷಗಳ ಲೆಕ್ಕದ್ದು, ಸಾವಿರದ್ದಲ್ಲ. ಮಾದರಿ, ಆಸ್ಪತ್ರೆ ನೋಡಿ ಬಹಳ ಬದಲಾಗುತ್ತದೆ. ಒಟ್ಟು ಮೊತ್ತ ಕೇಳಬೇಡಿ. ಸ್ಕ್ರೂ ಮತ್ತು ಕಂಬಕ್ಕೆ ಎಷ್ಟು, ಹೊರಗಿನ ಯಂತ್ರಕ್ಕೆ ಎಷ್ಟು, ಆಪರೇಷನ್ನಿಗೆ ಎಷ್ಟು, ವಾರಂಟಿ ಎಷ್ಟು ವರ್ಷ ಎಂದು ಬೇರೆ ಬೇರೆ ಬರೆಸಿಕೊಳ್ಳಿ. ಸ್ಕ್ರೂ ದಶಕಗಳು ಇರುತ್ತದೆ, ಯಂತ್ರ ಅಷ್ಟು ಬಾಳುವುದಿಲ್ಲ. ಕೆಲವು ವರ್ಷಕ್ಕೆ ಬದಲಿಸಲೇಬೇಕು, ಆಗ ಮತ್ತೆ ದೊಡ್ಡ ಖರ್ಚು. ಈ ಎರಡನೇ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ, ನೀವೇ ಕೇಳಿ. ಮೆಡಿಕ್ಲೇಮ್ ಇದ್ದರೆ ಆಪರೇಷನ್ನಿಗೆ ಮತ್ತು ಹೊರಗಿನ ಯಂತ್ರಕ್ಕೆ ನಿಯಮ ಬೇರೆ ಇರಬಹುದು, ಬರಹದಲ್ಲಿ ಉತ್ತರ ತರಿಸಿ. ಅಂಗವೈಕಲ್ಯದ ಸರ್ಟಿಫಿಕೇಟಿನ ಬಗ್ಗೆ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. 2016ರ ಕಾಯ್ದೆಯ ಮಾತಿನಲ್ಲಿ ಮಂದ ಕಿವಿ ಎಂದರೆ ಎರಡೂ ಕಿವಿಗೆ 60ರಿಂದ 70 ಡೆಸಿಬಲ್ ನಷ್ಟ. ನಿಮ್ಮ ಎಡಗಿವಿ 58ಕ್ಕೆ ನಿಂತಿದೆ. ಎರಡು ಡೆಸಿಬಲ್‌ಗೆ ಸರ್ಕಾರದ ಕಣ್ಣಿನಲ್ಲಿ ನೀವು ಚೆನ್ನಾಗಿ ಕೇಳುವವರು!

ದುಡ್ಡೇ ಸಾಲದಿದ್ದರೆ ದಾರಿ ಮುಚ್ಚಿಲ್ಲ. ಸ್ಟೀಲಿನ ಪಟ್ಟಿಗೆ ನಡುಗುವ ಡಬ್ಬಿ ಸಿಕ್ಕಿಸಿ, ಜೇಬಿನಲ್ಲಿಡುವ ಹಳೆಯ ಮಿಷನ್‌ಗೆ ವಯರ್ ಜೋಡಿಸುವ ಪದ್ಧತಿ ಬಹಳ ಕಾಲದಿಂದ ಇದೆ. ಬಿಗಿಯಾಗಿ ಒತ್ತುತ್ತದೆ, ಸಂಜೆಗೆ ತಲೆನೋವು, ನೋಡಲೂ ಚೆನ್ನಾಗಿಲ್ಲ. ಆದರೂ ಕಿವಿ ಒಣಗಿರುತ್ತದೆ, ಮಾತು ಕೇಳುತ್ತದೆ. ಅಂಟುವ ಸ್ಟಿಕ್ಕರಿಗೆ ಯಂತ್ರ ಸಿಕ್ಕಿಸುವುದೂ ಬಂದಿದೆ, ಆದರೆ ಬೆವರುವ ಊರಿನಲ್ಲಿ ಅಂಟು ಎಷ್ಟು ದಿನ ನಿಲ್ಲುತ್ತದೆ ಎಂಬುದು ನಿಮ್ಮ ಚರ್ಮಕ್ಕೇ ಗೊತ್ತು. ಆನ್‌ಲೈನಿನಲ್ಲಿ ಓಟದವರಿಗೆಂದು ಮಾರುವ ಬೋನ್ ಕಂಡಕ್ಷನ್ ಇಯರ್‌ಫೋನ್ ಇದಲ್ಲ. ಅದು ಫೋನಿನ ಸದ್ದು ಮಾತ್ರ ಕೇಳಿಸುತ್ತದೆ, ಎದುರಿಗಿರುವವರ ಮಾತನ್ನಲ್ಲ. ಆದರೆ ನಿಮ್ಮಂಥ ಕಿವಿಯವರಿಗೆ ಫೋನಿಗೆ ಮಾತ್ರ ಅದು ನಿಜಕ್ಕೂ ಉಪಯೋಗ.

ಎಲ್ಲಿ ತೋರಿಸುವುದು? ಡೊಂಬಿವಲಿಯಿಂದ ದಾದರಿಗೆ ದಿನಾ ಬರುತ್ತೀರಿ. ಅಲ್ಲಿಂದ ವೆಸ್ಟರ್ನ್ ಲೈನ್ ಹಿಡಿದು ಬಾಂದ್ರಾ. ಬಾಂದ್ರಾ ರೆಕ್ಲಮೇಶನ್‌ನಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, 1983ರಿಂದ ಮಾತು ಮತ್ತು ಶ್ರವಣಕ್ಕೆಂದೇ ಇರುವುದು. ಆಡಿಯೋಗ್ರಾಮ್ ಅಲ್ಲಿ ಇನ್ನೊಮ್ಮೆ ಮಾಡಿಸಿ, ಮುಖ್ಯವಾಗಿ ಆ ಮೂಳೆಯ ಗೆರೆ. ಲಕ್ಷ ಖರ್ಚು ಮಾಡುವ ಮೊದಲು ಎರಡು ಕಡೆಯ ಅಳತೆ ತಾಳೆಯಾಗಬೇಕು. ಕಿವಿ ನೋಡಿಸಲು ಪಾಲಿಕೆಯ ಕೆಇಎಮ್, ಸಯನ್, ನಾಯರ್ ಆಸ್ಪತ್ರೆಗಳ ಇಎನ್‌ಟಿ ವಿಭಾಗ ಇದೆ, ಸರತಿ ಉದ್ದ, ಬೆಳಿಗ್ಗೆ ಬೇಗ ಹೋಗಿ. ಊರಿಗೆ ಹೋದಾಗ ಮೈಸೂರಿನವರೆಗೆ ಹೋಗುವುದಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯೂ ಇದೆ. ಕನ್ನಡದ ಪದಗಳನ್ನೇ ಹೇಳಿಸಿ ಕೇಳುವ ಪರೀಕ್ಷೆ ಅಲ್ಲಿ ಸಿಗುತ್ತದೆ, ಮರಾಠಿ ಹಿಂದಿ ಪದಗಳಿಗಿಂತ ಅದು ನಿಮ್ಮ ಕಿವಿಯ ನಿಜ ಹೇಳುತ್ತದೆ. ನಾನು ಅಲ್ಲಿ ಕಲಿತವನು, ಸ್ವಲ್ಪ ಪಕ್ಷಪಾತ ಇದೆ, ಕ್ಷಮಿಸಿ.

ಯಾವ ಬದಿಗೆ? ಒಂದು ಬದಿಗೆ ಹಾಕಿದರೂ ನಡುಕ ಬುರುಡೆಯನ್ನು ದಾಟಿ ಎರಡೂ ಒಳಗಿವಿಗೆ ಹೋಗುತ್ತದೆ. ಮೂಳೆಗೆ ಎಡ ಬಲ ಭೇದವಿಲ್ಲ. ಅದೇ ಕಾರಣಕ್ಕೆ ಸದ್ದು ಯಾವ ಕಡೆಯಿಂದ ಬಂತು ಎಂದು ಒಂದೇ ಯಂತ್ರದಲ್ಲಿ ಗೊತ್ತಾಗುವುದಿಲ್ಲ. ನಿಮ್ಮ ಎರಡು ಮೂಳೆ ಗೆರೆಗಳಿಗೆ ಆರು ಡೆಸಿಬಲ್ ವ್ಯತ್ಯಾಸ, ಅದು ಲೆಕ್ಕಕ್ಕಿಲ್ಲ. ಹಾಗಾಗಿ ಬದುಕು ನೋಡಿ ಆರಿಸಿ. ಗಲ್ಲೆಯಲ್ಲಿ ಗಿರಾಕಿ ಯಾವ ಬದಿಗೆ ನಿಲ್ಲುತ್ತಾನೆ? ಕಾರು ಓಡಿಸಿದರೆ ಮಾತಾಡುವವರು ಎಡಕ್ಕಿರುತ್ತಾರೆ. ಫೋನು ಯಾವ ಕೈ? ಪಟ್ಟಿಯ ಪರೀಕ್ಷೆಯಲ್ಲಿ ಎರಡೂ ಬದಿಗೆ ಕಟ್ಟಿ ನೋಡಿ, ನಿಮಗೇ ತಿಳಿಯುತ್ತದೆ.

ಹೆಲ್ಮೆಟ್ ಹಾಕುವಾಗ ಯಂತ್ರ ತೆಗೆಯಬೇಕು, ಬೇರೆ ದಾರಿ ಇಲ್ಲ. ಹೆಲ್ಮೆಟ್ ತಾಗಿದರೆ ಕೂಗುತ್ತದೆ, ಕಂಬಕ್ಕೂ ಪೆಟ್ಟು. ಟಕ್ ಎಂದು ತೆಗೆದು ಡಬ್ಬಿಯಲ್ಲಿ, ಡಬ್ಬಿ ಜೇಬಿನಲ್ಲಿ. ಗಾಡಿ ಮೇಲೆ ನೀವು ಈಗ ಎಷ್ಟು ಕೇಳುತ್ತೀರೋ ಅಷ್ಟೇ, ಆದ್ದರಿಂದ ಕನ್ನಡಿ ನೋಡುವ ಅಭ್ಯಾಸ ಬಿಡಬೇಡಿ. ಹೆಲ್ಮೆಟ್ಟಿನ ಒಳಗಿನ ಸ್ಪಂಜು ಬರೀ ಕಂಬಕ್ಕೂ ಒತ್ತಬಾರದು. ಆಪರೇಷನ್ ದಿನ ನಿಮ್ಮ ಹೆಲ್ಮೆಟ್ಟನ್ನೂ ಕನ್ನಡಕವನ್ನೂ ತೆಗೆದುಕೊಂಡು ಹೋಗಿ, ಗುರುತು ಹಾಕುವ ಮೊದಲು ತಲೆಗಿಟ್ಟು ತೋರಿಸಿ. ಡಾಕ್ಟರು ನಕ್ಕರೆ ನಗಲಿ.

ಬೆಳಗಿನ ಡೊಂಬಿವಲಿ ಫಾಸ್ಟ್‌ನಲ್ಲಿ ಯಾರದೋ ಮೊಣಕೈ, ಯಾರದೋ ಬ್ಯಾಗು ತಾಗಿ ಯಂತ್ರ ಹಾರಿ ಹೋಗುವುದು ಖಂಡಿತ. ಕಂಬಕ್ಕೆ ಪೆಟ್ಟು ಬೀಳದಿರಲಿ ಎಂದೇ ಅದು ಸುಲಭವಾಗಿ ಕಳಚುವ ಹಾಗೆ ಮಾಡಿರುವುದು. ಯಂತ್ರದ ಜೊತೆ ಒಂದು ಸಣ್ಣ ದಾರ, ತುದಿಗೆ ಕ್ಲಿಪ್ ಕೊಡುತ್ತಾರೆ. ಎಲ್ಲರೂ ಅದನ್ನು ಡಬ್ಬಿಯಲ್ಲೇ ಬಿಡುತ್ತಾರೆ. ನೀವು ಕಾಲರಿಗೆ ಸಿಕ್ಕಿಸಿ. ಥಾಣೆ ಸ್ಟೇಷನ್ ಬಂದ ಮೇಲೆ ಕೆಳಗೆ ಬಗ್ಗಿ ಹುಡುಕಲು ಆ ಗಾಡಿಯಲ್ಲಿ ಜಾಗ ಇಲ್ಲ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಳೆಗಾಲ ನಾಲ್ಕು ತಿಂಗಳು ರಾತ್ರಿ ಒಣಗಿಸುವ ಡಬ್ಬಿಯಲ್ಲಿಡಿ, ಸಿಲಿಕಾ ಪುಡಿಯ ಬಣ್ಣ ಬದಲಾದಾಗ ಹೊಸದು ಹಾಕಿ. ಸ್ನಾನಕ್ಕೆ, ನಿದ್ದೆಗೆ ಬಿಚ್ಚಿಡಿ. ಹಾಕಿದ ಮೊದಲ ವಾರ ನಿಮ್ಮ ದನಿಯೇ ನಿಮಗೆ ಡ್ರಮ್ಮಿನೊಳಗೆ ಮಾತಾಡಿದ ಹಾಗೆ ಕೇಳೀತು. ಅದು ಮಾತ್ರ ನಿಜಕ್ಕೂ ಅಭ್ಯಾಸ ಆಗುತ್ತದೆ.

ಇನ್ನು ಮಗು. ಮೊದಲು ಮನೆಯವರಿಗೆ ಹೇಳಿ, ಗ್ರಹಣದ ದಿನ ತಾಯಿ ಈಳಿಗೆ ಮುಟ್ಟಿದ್ದಕ್ಕೆ ಹೀಗಾಯಿತು ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಕಿವಿ ರೂಪುಗೊಳ್ಳುವುದು ಬಸಿರಿನ ಮೊದಲ ತಿಂಗಳುಗಳಲ್ಲಿ, ಅಲ್ಲಿ ಆದ ಏರುಪೇರು ಇದು. ತಾಯಿಯ ತಪ್ಪಲ್ಲ.

ಎಂಟು ತಿಂಗಳ ಮಗುವಿಗೆ ಸ್ಕ್ರೂ ಇಲ್ಲ. ಬುರುಡೆ ಇನ್ನೂ ತೆಳು, ಮೆತ್ತಗೆ. ಅಮೆರಿಕದ ನಿಯಮದಲ್ಲಿ ಐದು ವರ್ಷ ಆಗುವವರೆಗೆ ಇಲ್ಲ, ನಮ್ಮಲ್ಲೂ ಹೆಚ್ಚಿನವರು ಅದನ್ನೇ ನೋಡುತ್ತಾರೆ. ಆದರೆ ಪಟ್ಟಿ ಈಗಲೇ ಕಟ್ಟಬಹುದು. ಅದಕ್ಕೂ ಮೊದಲು ಮುಖ್ಯವಾದದ್ದು ಇನ್ನೊಂದು ಕಿವಿ. ನೋಡಲು ಚೆನ್ನಾಗಿರುವ ಆ ಕಿವಿ ಪೂರ್ತಿ ಕೇಳುತ್ತದೆಯೇ ಎಂದು ಬೇರಾ ಪರೀಕ್ಷೆ, ಅಂದರೆ ನಿದ್ದೆಯಲ್ಲಿರುವ ಮಗುವಿನ ಕಿವಿ ಎಷ್ಟು ಕೇಳುತ್ತದೆ ಎಂದು ಯಂತ್ರದಿಂದ ಅಳೆಯುವುದು, ಆಗಿದೆಯೇ? ಗಾಳಿಯಿಂದಲೂ ಮೂಳೆಯಿಂದಲೂ ಎರಡೂ ಮಾಡಿಸಬೇಕು. ಸಾಮಾನ್ಯವಾಗಿ ಕೇಳುವ ಪರೀಕ್ಷೆ ಒಂದು ತಿಂಗಳೊಳಗೆ, ತೊಂದರೆ ಏನೆಂದು ಮೂರು ತಿಂಗಳೊಳಗೆ, ಚಿಕಿತ್ಸೆ ಆರು ತಿಂಗಳೊಳಗೆ ಎನ್ನುತ್ತೇವೆ. ಎಂಟು ತಿಂಗಳಾಗಿದೆ, ಬರುವ ವಾರವೇ ಹೋಗಲಿ. ಪುಣೆಯಲ್ಲಿ ಸಸೂನ್ ಆಸ್ಪತ್ರೆ ಇದೆ.

ಆ ಕಿವಿ ಚೆನ್ನಾಗಿದ್ದರೆ ಮಗು ಮಾತು ಕಲಿಯುತ್ತದೆ, ಒಂದೇ ಕಿವಿಯಿಂದಲೂ ಕಲಿಯುತ್ತದೆ. ಪಟ್ಟಿ ಆಗ ಕಡ್ಡಾಯವಲ್ಲ, ಆದರೆ ನಾನಾದರೆ ಕಟ್ಟಿಸಿ ನೋಡುತ್ತೇನೆ. ಶಾಲೆಯ ಗದ್ದಲದಲ್ಲಿ ಒಂದು ಕಿವಿಯ ಮಕ್ಕಳು ಹಿಂದೆ ಬೀಳುವುದುಂಟು. ಎರಡನೆಯದೂ ಮಂದವಿದ್ದರೆ ಒಂದು ದಿನವೂ ತಡ ಮಾಡಬಾರದು. ಕಿವಿಯ ಆಕಾರವನ್ನು ಪಕ್ಕೆಲುಬಿನ ಮೃದ್ವಸ್ಥಿಯಿಂದ ಕಟ್ಟುವ ಆಪರೇಷನ್ ಶಾಲೆಗೆ ಹೋಗುವ ವಯಸ್ಸಿನಲ್ಲಿ ಬರುತ್ತದೆ. ಮುಂದೆ ಸ್ಕ್ರೂ ಹಾಕುವವರೂ ಕಿವಿ ಕಟ್ಟುವವರೂ ಒಬ್ಬರಿಗೊಬ್ಬರು ಮಾತಾಡಿಕೊಂಡು ಜಾಗ ಆರಿಸಬೇಕು. ಸ್ಕ್ರೂ ಮೊದಲೇ ತಪ್ಪು ಜಾಗಕ್ಕೆ ಬಿದ್ದರೆ ಕಿವಿ ಕಟ್ಟಲು ಬೇಕಾದ ಚರ್ಮ ಕೆಡುತ್ತದೆ.

ಪಟ್ಟಿಯ ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಇರಲಿ. ಮಗು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ, ಎಲ್ಲ ಮಕ್ಕಳೂ ಮಾಡುತ್ತವೆ. ಬ್ಯಾಟರಿ ಬಾಗಿಲಿಗೆ ಮಕ್ಕಳ ಬೀಗ ಇರುವ ಯಂತ್ರವನ್ನೇ ಕೇಳಿ. ಗುಂಡಿ ಬ್ಯಾಟರಿ ನುಂಗಿದ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸುತ್ತಾ ಕಾಯದೆ ನೇರ ಆಸ್ಪತ್ರೆಗೆ ಓಡಲಿ.